ರೊಟ್ಟಿ ತಂದವನು ದೊಡ್ಡವನು, ಕಪ್ ಕಳಕೊಂಡವರು ಮಕ್ಕಳು: ಶಾಲಾ ಪಂದ್ಯದ ಕೂಗಾಟ, ಟೀ ಶರ್ಟ್ ಬರಹ ಮತ್ತು ಊರಿನ ಜವಾಬ್ದಾರಿ

ಮಳೆಗಾಲ ಶುರುವಾಯಿತೆಂದರೆ ಶಾಲಾ ಕ್ರೀಡಾಕೂಟಗಳ ಸೀಸನ್ನೂ ಶುರು. ಮೊದಲು ಹೋಬಳಿ, ಆಮೇಲೆ ತಾಲ್ಲೂಕು, ಗೆದ್ದವರು ಜಿಲ್ಲೆಗೆ. ಪ್ರೌಢಶಾಲೆ ಮಕ್ಕಳ ಕಬಡ್ಡಿ ಫೈನಲ್ ಅಂದರೆ ಅಂಕಣದ ಸುತ್ತ ಹಗ್ಗ ಹಿಡಿದು ನಿಲ್ಲೋಕೂ ಜಾಗ ಸಿಗಲ್ಲ. ಸೀಟಿ, ಚಪ್ಪಾಳೆ, ತಮಟೆ, ಶಾಲೆ ಹೆಸರಿನ ಜೈಕಾರ. ಕೆಲವು ಕಡೆ ಆಡುವ ಮಕ್ಕಳಿಗಷ್ಟೇ ಅಲ್ಲ, ಕೂಗುವ ಹುಡುಗರಿಗೂ ಒಂದೇ ಬಣ್ಣದ ಟೀ ಶರ್ಟ್, ಬೆನ್ನ ಮೇಲೆ ಒಂದು ಡೈಲಾಗ್.

ಕೂಗಾಟ ಇಲ್ಲದ ಪಂದ್ಯ ಯಾರಿಗೆ ಬೇಕು? ತನ್ನ ಶಾಲೆಯವರು ಹೆಸರು ಹಿಡಿದು ಕೂಗಿದಾಗಲೇ ರೈಡ್ ಹೋಗುವ ಹುಡುಗನಿಗೆ ಕಾಲಲ್ಲಿ ಬಲ ಬರೋದು. ಪ್ರಶ್ನೆ ಅದಲ್ಲ. ಎದುರಾಳಿ ತಂಡದ ಮಕ್ಕಳನ್ನು ಆಟ ಬಿಟ್ಟು ಅವರ ಜಾತಿ, ಬಣ್ಣ, ಊರು, ಮೈಕಟ್ಟು ಹಿಡಿದು ಹಂಗಿಸೋಕೆ ಶುರುವಾದಾಗ ತಡೆಯಬೇಕಾದವರು ಯಾರು? ಮಕ್ಕಳಾ, ಮೇಷ್ಟ್ರಾ, ಆಯೋಜಕರಾ, ಇಲ್ಲಾ ಆ ಟೀ ಶರ್ಟ್ ಪ್ರಿಂಟ್ ಮಾಡಿಕೊಟ್ಟವರಾ?

ಈ ಪ್ರಶ್ನೆ ಬಗ್ಗೆ ಅಮೆರಿಕದ ಹೈಸ್ಕೂಲುಗಳು ವರ್ಷಗಳಿಂದ ತಲೆ ಕೆಡಿಸಿಕೊಂಡಿವೆ. ಅಲ್ಲಿ ಹೈಸ್ಕೂಲ್ ಬ್ಯಾಸ್ಕೆಟ್‌ಬಾಲ್ ಪಂದ್ಯ ಅಂದರೆ ಎಷ್ಟೋ ಸಣ್ಣ ಊರುಗಳಲ್ಲಿ ಜಾತ್ರೆ ಇದ್ದ ಹಾಗೆ. ಗ್ಯಾಲರಿಯಲ್ಲಿ ಒಂದು ಭಾಗ ವಿದ್ಯಾರ್ಥಿಗಳಿಗೇ. ಒಂದೊಂದು ಪಂದ್ಯಕ್ಕೆ ಒಂದೊಂದು ‘ಥೀಮ್’ ಇಟ್ಟುಕೊಳ್ಳುತ್ತಾರೆ. ಒಂದು ದಿನ ಎಲ್ಲರೂ ಬಿಳಿ ಬಟ್ಟೆ, ಇನ್ನೊಂದು ದಿನ ಹೂವಿನ ಅಂಗಿ, ಮತ್ತೊಂದು ದಿನ ವೇಷ. ಬಹುತೇಕ ಸಲ ಬರೀ ಮೋಜು. ಕೆಲವು ಸಲ ಅದೇ ಮೋಜು ಅಮಾನತು, ಕ್ಷಮಾಪಣೆ, ಕಪ್ ವಾಪಸಾತಿವರೆಗೆ ಹೋಗಿದೆ. ಅಲ್ಲಿ ಏನಾಯಿತು ಅಂತ ನೋಡಿದರೆ ಇಲ್ಲಿನ ಮೈದಾನಕ್ಕೂ ಒಂದು ಪಾಠ ಸಿಗುತ್ತೆ.

ಕೊರೊನಾಡೊದಲ್ಲಿ ಆಗಿದ್ದು

ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೊ ಪಕ್ಕದಲ್ಲಿ ಕೊರೊನಾಡೊ ಅಂತ ಕಡಲತೀರದ ಊರಿದೆ. ಅನುಕೂಲಸ್ಥರ ಊರು, ಬಿಳಿಯರೇ ಹೆಚ್ಚು. 2021ರ ಜೂನ್ 19ರಂದು ಅಲ್ಲಿನ ಹೈಸ್ಕೂಲ್‌ನಲ್ಲಿ ಹುಡುಗರ ಬ್ಯಾಸ್ಕೆಟ್‌ಬಾಲ್ ಪ್ರಾದೇಶಿಕ ಫೈನಲ್ ನಡೆಯಿತು. ಎದುರಾಳಿ ಎಸ್ಕಾಂಡಿಡೊ ಊರಿನ ಆರೆಂಜ್ ಗ್ಲೆನ್ ಹೈಸ್ಕೂಲ್. ಆ ಶಾಲೆಯಲ್ಲಿ ಲ್ಯಾಟಿನೊ ಸಮುದಾಯದ, ಅಂದರೆ ಮೆಕ್ಸಿಕೊ ಮತ್ತು ಸುತ್ತಲಿನ ದೇಶಗಳ ಮೂಲದ ಮಕ್ಕಳೇ ಬಹುಪಾಲು. ಪಂದ್ಯ ಜಿದ್ದಾಜಿದ್ದಿ. ಹೆಚ್ಚುವರಿ ಅವಧಿಗೆ ಹೋಗಿ 60-57ರಲ್ಲಿ ಕೊರೊನಾಡೊ ಗೆದ್ದಿತು.

ಪಂದ್ಯ ಮುಗಿದ ಮೇಲೆ ಎರಡೂ ಕಡೆಯವರ ನಡುವೆ ಮಾತಿಗೆ ಮಾತು ಬೆಳೆಯಿತು. ಆಗ ಕೊರೊನಾಡೊ ಕಡೆಯ ಕೆಲವು ಹುಡುಗರು, ಆಟಗಾರರೂ ಸೇರಿ, ಎದುರು ತಂಡದವರತ್ತ ಟಾರ್ಟಿಯಾ ಎಸೆದರು. ಟಾರ್ಟಿಯಾ ಅಂದರೆ ಮೆಕ್ಸಿಕೊ ಜನ ದಿನಾ ತಿನ್ನುವ ತೆಳು ರೊಟ್ಟಿ, ಮೆಕ್ಕೆಜೋಳದ್ದೋ ಗೋಧಿಯದ್ದೋ. ಅದನ್ನೇ ಆ ಮಕ್ಕಳ ಕಡೆ ಎಸೆದರೆ ಏನರ್ಥ ಅಂತ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ನೀವು ಯಾರು, ಎಲ್ಲಿಂದ ಬಂದವರು ಅಂತ ಗೊತ್ತು ಅನ್ನೋ ಹಂಗಣೆ ಅದು. ವಿಡಿಯೊ ದೇಶವೆಲ್ಲಾ ಹರಡಿತು.

ಆ ರೊಟ್ಟಿ ಪೊಟ್ಟಣ ಜಿಮ್ ಒಳಗೆ ತಂದವನು ವಿದ್ಯಾರ್ಥಿ ಅಲ್ಲ. ಅದೇ ಶಾಲೆಯ ಹಳೇ ವಿದ್ಯಾರ್ಥಿ, ದೊಡ್ಡವನು. ಸಾಂತಾ ಬಾರ್ಬರಾದ ವಿಶ್ವವಿದ್ಯಾಲಯದಲ್ಲಿ ಪಂದ್ಯದ ಸಂಭ್ರಮಕ್ಕೆ ಟಾರ್ಟಿಯಾ ಎಸೆಯುವ ರೂಢಿ ಇದೆ, ಅದಕ್ಕೇ ತಂದೆ, ಜನಾಂಗದ ವಿಚಾರ ತಲೆಯಲ್ಲೇ ಇರಲಿಲ್ಲ ಅಂತ ಆತ ಆಮೇಲೆ ಹೇಳಿಕೊಂಡ. ಆ ವಿಶ್ವವಿದ್ಯಾಲಯದಲ್ಲಿ ಅಂಥ ರೂಢಿ ಇರೋದು ನಿಜವೇ. ಆದರೆ ಅಲ್ಲಿ ತಮ್ಮತಮ್ಮಲ್ಲೇ ಸಂಭ್ರಮಕ್ಕೆ ಎಸೆಯೋದು ಬೇರೆ, ಸೋತು ನಿಂತಿರುವ ಲ್ಯಾಟಿನೊ ಮಕ್ಕಳ ಮೇಲೆ ಎಸೆಯೋದು ಬೇರೆ.

ಆಮೇಲೆ ಏನಾಯಿತು? ಶಾಲಾ ಮಂಡಳಿ ಕೋಚ್‌ನನ್ನು ಕೆಲಸದಿಂದ ತೆಗೆಯಿತು. ರಾಜ್ಯದ ಶಾಲಾ ಕ್ರೀಡಾ ಸಂಸ್ಥೆ ಜೂನ್ 30ರಂದು ಕೊರೊನಾಡೊದ ಪ್ರಾದೇಶಿಕ ಪ್ರಶಸ್ತಿಯನ್ನೇ ಕಿತ್ತುಕೊಂಡಿತು. ಶಾಲೆಯ ಕ್ರೀಡಾ ವಿಭಾಗದ ಮೇಲೆ ವರ್ಷಗಳ ನಿಗಾ ಇಟ್ಟಿತು, ಕ್ರೀಡಾ ಮನೋಭಾವದ ತರಬೇತಿ ಕಡ್ಡಾಯ ಮಾಡಿತು. ಒಂದು ರೊಟ್ಟಿಯನ್ನೂ ಕೈಯಲ್ಲಿ ಹಿಡಿಯದೆ ಬೆವರು ಸುರಿಸಿ ಆಡಿದ ಹುಡುಗರ ಹೆಸರಿನ ಮುಂದಿನ ಗೆಲುವೂ ಆಗ ಹೋಯಿತು, ಮೇಲ್ಮನವಿಯ ನಂತರವಷ್ಟೇ ವಾಪಸ್ ಬಂತು. ಹಿಡಿಶಾಪ ಹಾಕಿಸಿಕೊಂಡು ಮನೆಗೆ ಹೋದ ಆರೆಂಜ್ ಗ್ಲೆನ್ ಮಕ್ಕಳ ನೋವು ಬೇರೆ.

ಇದರಲ್ಲಿ ಮುಖ್ಯವಾದ ಮಾತು ಒಂದೇ. ಪಂದ್ಯಕ್ಕೆ ಮೊದಲು, ಬಾಗಿಲಲ್ಲೇ, ಯಾರಾದರೂ ಒಬ್ಬರು ‘ಈ ರೊಟ್ಟಿ ಯಾಕೆ ಒಳಗೆ?’ ಅಂತ ಕೇಳಿದ್ದರೆ ಇದ್ಯಾವುದೂ ಆಗುತ್ತಿರಲಿಲ್ಲ.

ಬಟ್ಟೆ ಮೇಲಿನ ಅಕ್ಷರ

ಬಟ್ಟೆಯ ಕತೆಯೂ ಇದೇ ದಾರಿಯದ್ದು. 2018ರ ಜನವರಿಯಲ್ಲಿ ಒಹಾಯೊ ರಾಜ್ಯದ ಸಿನ್ಸಿನಾಟಿ ಹತ್ತಿರ ಹೈಸ್ಕೂಲ್ ವಯಸ್ಸಿನ ಹುಡುಗರ ಒಂದು ಬ್ಯಾಸ್ಕೆಟ್‌ಬಾಲ್ ತಂಡ ಲೀಗ್ ಒಂದರಲ್ಲಿ ಆಡುತ್ತಿತ್ತು. ಅದು ಶಾಲೆಯ ಅಧಿಕೃತ ತಂಡ ಅಲ್ಲ. ತಂಡದ ಹೆಸರೇ ಅಶ್ಲೀಲ. ಜೆರ್ಸಿಯ ಬೆನ್ನ ಮೇಲೆ ಆಟಗಾರರ ಹೆಸರಿರಬೇಕಾದ ಜಾಗದಲ್ಲಿ ಕಪ್ಪು ಜನರನ್ನು ಬೈಯುವ ಪದಗಳು. ಒಂದಂತೂ ಬರೆದಿದ್ದನ್ನು ನೋಡಿದರೆ ಏನೂ ಇಲ್ಲ, ಬಾಯಿಬಿಟ್ಟು ಓದಿದರೆ ಬೈಗುಳ. ಎದುರಾಳಿ ತಂಡದ ಪೋಷಕರೇ ನೋಡಿ ದೂರು ಕೊಟ್ಟರು. ಲೀಗ್ ಆ ತಂಡವನ್ನು ಹೊರಗೆ ಹಾಕಿತು. ಆ ತಂಡದಲ್ಲಿ ತನ್ನ ಮಗ ಆಡುತ್ತಿದ್ದ ಅನ್ನೋ ಕಾರಣಕ್ಕೆ ಅಲ್ಲಿನ ಶಾಲಾ ಮಂಡಳಿಯ ಸದಸ್ಯರೊಬ್ಬರು ರಾಜೀನಾಮೆಯನ್ನೂ ಕೊಡಬೇಕಾಯಿತು.

ಯೋಚನೆ ಮಾಡಬೇಕಾದ್ದು ಇಲ್ಲೇ. ಆ ಜೆರ್ಸಿ ಆಕಾಶದಿಂದ ಬೀಳಲಿಲ್ಲ. ಹುಡುಗರು ಪದ ಹೇಳಿದರು, ಯಾರೋ ಆರ್ಡರ್ ಕೊಟ್ಟರು, ಯಾರೋ ಪ್ರಿಂಟ್ ಮಾಡಿದರು, ಯಾರೋ ದುಡ್ಡು ಕೊಟ್ಟರು, ಪಕ್ಕದಲ್ಲಿ ಕೋಚ್ ನಿಂತಿದ್ದರು. ಇಷ್ಟೂ ದೊಡ್ಡವರ ಕಣ್ಣು ದಾಟಿಕೊಂಡು ಆ ಪದ ಅಂಕಣಕ್ಕೆ ಬಂತು.

ಎಲ್ಲಾ ಸಲ ಪ್ರಿಂಟ್ ಆಗುವಾಗಲೇ ತಪ್ಪು ಕಾಣೋದೂ ಇಲ್ಲ. 2016ರ ಜನವರಿಯಲ್ಲಿ ಅರಿಜೋನಾದ ಫೀನಿಕ್ಸ್‌ನ ಡೆಸರ್ಟ್ ವಿಸ್ಟಾ ಹೈಸ್ಕೂಲ್‌ನಲ್ಲಿ ಕೊನೆ ವರ್ಷದ ಮಕ್ಕಳ ಗ್ರೂಪ್ ಫೋಟೊ ಇತ್ತು. ಒಬ್ಬೊಬ್ಬರ ಟೀ ಶರ್ಟ್ ಮೇಲೆ ಒಂದೊಂದು ಅಕ್ಷರ, ಎಲ್ಲರೂ ಸಾಲಾಗಿ ನಿಂತರೆ ತಮ್ಮ ಬ್ಯಾಚೇ ಶ್ರೇಷ್ಠ ಅನ್ನೋ ವಾಕ್ಯ. ಆಮೇಲೆ ಆರು ಹುಡುಗಿಯರು ಪಕ್ಕಕ್ಕೆ ಹೋಗಿ ಅಕ್ಷರ ಅದಲುಬದಲು ಮಾಡಿ ನಿಂತು ಕಪ್ಪು ಜನರ ಬಗ್ಗೆ ಇರುವ ಅತಿ ಕೆಟ್ಟ ಬೈಗುಳ ಮೂಡಿಸಿ ಫೋಟೊ ತೆಗೆಸಿಕೊಂಡರು. ಐದು ದಿನ ಅಮಾನತು ಆಯಿತು. ಆದರೆ ಫೋಟೊ ಇಂಟರ್‌ನೆಟ್‌ನಲ್ಲಿ ಹಾಗೇ ಉಳಿಯಿತು. ಹದಿನೇಳು ಹದಿನೆಂಟು ವಯಸ್ಸಿನಲ್ಲಿ ಎರಡು ನಿಮಿಷದ ನಗುವಿಗೆ ಮಾಡಿದ್ದು ಕೆಲಸದ ಇಂಟರ್‌ವ್ಯೂವರೆಗೂ ಬೆನ್ನು ಹತ್ತುತ್ತೆ.

ಮಾತು ಅದೇ, ಎದುರಿಗೆ ಯಾರು?

ಬೈಗುಳವಾದರೆ ಗುರುತು ಹಿಡಿಯೋದು ಸುಲಭ. ಬೈಗುಳವೇ ಅಲ್ಲದ ಮಾತು ಬೈಗುಳ ಆಗೋದೂ ಉಂಟು. 2012ರ ಮಾರ್ಚ್‌ನಲ್ಲಿ ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೊದಲ್ಲಿ ಅಲಾಮೊ ಹೈಟ್ಸ್ ಹೈಸ್ಕೂಲ್ ತಂಡ ಎಡಿಸನ್ ಹೈಸ್ಕೂಲ್ ತಂಡವನ್ನು ಸೋಲಿಸಿತು. ಗೆದ್ದ ಕಡೆಯ ಕೆಲವು ವಿದ್ಯಾರ್ಥಿಗಳು ‘ಯುಎಸ್‌ಎ, ಯುಎಸ್‌ಎ’ ಅಂತ ಕೂಗಿದರು. ತಮ್ಮ ದೇಶದ ಹೆಸರೇ ತಾನೆ, ತಪ್ಪೇನು? ಎಡಿಸನ್ ಶಾಲೆಯಲ್ಲಿ ಲ್ಯಾಟಿನೊ ಮಕ್ಕಳೇ ಹೆಚ್ಚು. ಅವರೂ ಅಮೆರಿಕದವರೇ. ಅವರ ಮುಖಕ್ಕೆ ನೋಡಿ ದೇಶದ ಹೆಸರು ಕೂಗಿದರೆ ‘ಈ ದೇಶ ನಿಮ್ಮದಲ್ಲ’ ಅಂತ ಹೇಳಿದ ಹಾಗೆ. ಅಲಾಮೊ ಹೈಟ್ಸ್ ಕೋಚ್ ತಕ್ಷಣ ಕೂಗು ನಿಲ್ಲಿಸಿದರು. ಶಾಲಾ ಆಡಳಿತ ಕ್ಷಮೆ ಕೇಳಿತು. ಕಪ್ ಹೋಗೋವರೆಗೆ ವಿಷಯ ಬೆಳೆಯಲಿಲ್ಲ.

2016ರ ಫೆಬ್ರವರಿಯಲ್ಲಿ ಇಂಡಿಯಾನಾದಲ್ಲಿ ಎರಡು ಕ್ಯಾಥೊಲಿಕ್ ಹೈಸ್ಕೂಲುಗಳ ಪಂದ್ಯದಲ್ಲೂ ಇಂಥದ್ದೇ ಆಯಿತು. ಆಂಡ್ರಿಯನ್ ಶಾಲೆಯ ವಿದ್ಯಾರ್ಥಿಗಳು ಡೊನಾಲ್ಡ್ ಟ್ರಂಪ್ ಅವರ ದೊಡ್ಡ ಚಿತ್ರ ಹಿಡಿದು ‘ಗೋಡೆ ಕಟ್ಟಿ’ ಅಂತ ಕೂಗಿದರು. ಆಗ ಅದು ಚುನಾವಣೆ ಘೋಷಣೆ. ಸಭೆಯಲ್ಲಿ ಕೂಗಿದರೆ ರಾಜಕೀಯ. ಲ್ಯಾಟಿನೊ ಮಕ್ಕಳೇ ಹೆಚ್ಚಿರುವ ಬಿಷಪ್ ನೋಲ್ ಶಾಲೆಯ ತಂಡದ ಎದುರು ಕೂಗಿದರೆ ಅದು ಆ ಹದಿಹರೆಯದ ಮಕ್ಕಳ ಮೇಲೆ ಬಿದ್ದ ಕಲ್ಲು.

ಎಲ್ಲವನ್ನೂ ನಿಷೇಧಿಸಿದರೆ?

ಹಾಗಾದರೆ ಕೂಗೋದನ್ನೇ ನಿಲ್ಲಿಸಿಬಿಟ್ಟರಾಯಿತಲ್ಲ ಅನ್ನೋರಿಗೂ ಅಮೆರಿಕದಲ್ಲೇ ಉತ್ತರ ಇದೆ. 2015ರ ಡಿಸೆಂಬರ್‌ನಲ್ಲಿ ವಿಸ್ಕಾನ್ಸಿನ್ ರಾಜ್ಯದ ಶಾಲಾ ಕ್ರೀಡಾ ಸಂಸ್ಥೆ ಶಾಲೆಗಳಿಗೆಲ್ಲಾ ಒಂದು ಇಮೇಲ್ ಕಳಿಸಿತು. ಎದುರಾಳಿಗೆ ಅಗೌರವ ಆಗುವ ಕೂಗುಗಳನ್ನು ತಡೆಯಿರಿ ಅನ್ನೋದು ಅದರ ಸಾರ. ಚೆಂಡು ಬುಟ್ಟಿಗೆ ತಾಗದೇ ಹೋದಾಗ ‘ಏರ್‌ಬಾಲ್’ ಅಂತ ಕೂಗೋದು, ಅಂಕಪಟ್ಟಿ ನೋಡ್ಕೋ ಅಂತ ಕೆಣಕೋದು, ಇಂಥವೂ ಆ ಪಟ್ಟಿಯಲ್ಲಿದ್ದವು. ಹಿಲ್ಬರ್ಟ್ ಅನ್ನೋ ಸಣ್ಣ ಊರಿನ ಬ್ಯಾಸ್ಕೆಟ್‌ಬಾಲ್ ಆಟಗಾರ್ತಿಯೊಬ್ಬಳು ಸಿಟ್ಟಿಗೆದ್ದು ಸಂಸ್ಥೆಯನ್ನು ಒರಟು ಮಾತಲ್ಲಿ ಬೈದು ಟ್ವೀಟ್ ಮಾಡಿದಳು. ಐದು ಪಂದ್ಯ ಆಡದಂತೆ ಅವಳನ್ನು ಕೂರಿಸಿದರು. ದೇಶವೆಲ್ಲಾ ನಕ್ಕಿತು. ಟಿವಿ ಕಾಮೆಂಟೇಟರ್‌ಗಳೂ ಗೇಲಿ ಮಾಡಿದರು.

ನಕ್ಕಿದ್ದರಲ್ಲಿ ಅರ್ಥ ಇದೆ. ‘ಏರ್‌ಬಾಲ್’ ಅನ್ನೋದು ಆಟದ ಮೇಲಿನ ಕುಟುಕು. ಮುಂದಿನ ಸಲ ಗುರಿ ಇಟ್ಟು ಹಾಕಿದರೆ ಆ ಬಾಯಿ ಮುಚ್ಚುತ್ತೆ. ಹುಟ್ಟಿನ ಮೇಲೆ, ಬಣ್ಣದ ಮೇಲೆ ಹೇಳಿದ ಮಾತಿಗೆ ಎಷ್ಟು ಚೆನ್ನಾಗಿ ಆಡಿದರೂ ಉತ್ತರ ಕೊಡೋಕೆ ಆಗಲ್ಲ. ಗೆರೆ ಎಳೆಯಬೇಕಾದ ಜಾಗ ಇದೇ. ಆಟದ ಬಗ್ಗೆ ಏನು ಬೇಕಾದರೂ ಕೂಗಿ, ಆಡುವವರ ಹುಟ್ಟಿನ ಬಗ್ಗೆ ಬೇಡ.

ಅಲ್ಲಿನ ಸುಪ್ರೀಂ ಕೋರ್ಟ್ ತೀರ್ಪುಗಳಲ್ಲೂ ಈ ಎಳೆದಾಟ ಕಾಣುತ್ತೆ. ವಿಯೆಟ್ನಾಂ ಯುದ್ಧ ವಿರೋಧಿಸಿ ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಂಡು ಬಂದ ಮಕ್ಕಳ ಪ್ರಕರಣದಲ್ಲಿ ಕೋರ್ಟ್ 1969ರಲ್ಲಿ 7-2ರಿಂದ ಮಕ್ಕಳ ಪರ ನಿಂತಿತು. ಪಾಠಕ್ಕೆ ಗಂಭೀರ ಅಡ್ಡಿ ಆಗದಿದ್ದರೆ, ಇನ್ನೊಬ್ಬರ ಹಕ್ಕಿಗೆ ಧಕ್ಕೆ ಆಗದಿದ್ದರೆ ಶಾಲೆ ಮಕ್ಕಳ ಅಭಿಪ್ರಾಯವನ್ನು ಹತ್ತಿಕ್ಕುವಂತಿಲ್ಲ ಅಂತ ಹೇಳಿತು. ಕೊರೊನಾಡೊ ಪಂದ್ಯ ಆದ ನಾಲ್ಕೇ ದಿನಕ್ಕೆ, 2021ರ ಜೂನ್ 23ರಂದು, ಇನ್ನೊಂದು ತೀರ್ಪು ಬಂತು. ಚಿಯರ್‌ಲೀಡಿಂಗ್ ತಂಡದ ಮೇಲಿನ ಸಿಟ್ಟಿಗೆ ರಜಾ ದಿನ, ಶಾಲೆಯ ಹೊರಗೆ, ಸ್ನ್ಯಾಪ್‌ಚಾಟ್‌ನಲ್ಲಿ ಬೈದು ಹಾಕಿದ ಪೆನ್ಸಿಲ್ವೇನಿಯಾದ ಹುಡುಗಿಯನ್ನು ವರ್ಷದ ಮಟ್ಟಿಗೆ ತಂಡದಿಂದ ಹೊರಗಿಟ್ಟಿದ್ದು ತಪ್ಪು ಅಂತ 8-1ರಿಂದ ಹೇಳಿತು. ಅಂದರೆ ಮಕ್ಕಳ ಬಾಯಿಗೆ ಬೀಗ ಹಾಕೋದು ಪರಿಹಾರ ಅಲ್ಲ. ಒಬ್ಬರ ಮಾತು ಇನ್ನೊಬ್ಬ ಮಗುವಿನ ಮೇಲೆ ಬೀಳುವಾಗ ಮಾತ್ರ ಕೈ ಅಡ್ಡ ಹಿಡಿಯಬೇಕು.

ಇಲ್ಲಿನ ಹಗ್ಗದಾಚೆ

ಇಲ್ಲಿ ಟಾರ್ಟಿಯಾ ಇಲ್ಲ, ಟ್ರಂಪ್ ಚಿತ್ರವೂ ಇಲ್ಲ. ಆದರೆ ಮೈದಾನದ ಪಕ್ಕ ನಿಂತು ಪಂದ್ಯ ನೋಡಿದವರಿಗೆ ಎರಡು ವಿಷಯ ಹೊಸದಲ್ಲ. ಒಂದು, ಹೆಣ್ಣುಮಕ್ಕಳ ಕಬಡ್ಡಿ, ಓಟದ ಸ್ಪರ್ಧೆ ನಡೆಯುವಾಗ ಚಡ್ಡಿ, ಬನಿಯನ್ ನೋಡಿ ಬರುವ ಸೀಟಿ, ಕಾಮೆಂಟು, ಮೊಬೈಲ್ ವಿಡಿಯೊ. ಇನ್ನೊಂದು, ಸೋಲುವ ಹೊತ್ತಿಗೆ ಎದುರಾಳಿ ಊರಿನ, ಹಾಸ್ಟೆಲಿನ, ಕೇರಿಯ ಹೆಸರು ಹಿಡಿದು ಬರುವ ಮಾತು. ನೇರ ಜಾತಿ ಹೆಸರು ಬಾರದಿದ್ದರೂ ಎಲ್ಲರಿಗೂ ಅರ್ಥ ಆಗುತ್ತೆ.

ಜಾತಿ ಆಟದೊಳಗೆ ನುಗ್ಗೋದು ದೊಡ್ಡ ಮಟ್ಟದಲ್ಲೂ ಕಂಡಿದೆ. 2021ರ ಆಗಸ್ಟ್‌ನಲ್ಲಿ ಟೋಕಿಯೊ ಒಲಿಂಪಿಕ್ಸ್ ಸೆಮಿಫೈನಲ್‌ನಲ್ಲಿ ಭಾರತದ ಮಹಿಳಾ ಹಾಕಿ ತಂಡ ಅರ್ಜೆಂಟೀನಾ ಎದುರು ಸೋತಾಗ, ಆಟಗಾರ್ತಿ ವಂದನಾ ಕಟಾರಿಯಾ ಅವರ ಹರಿದ್ವಾರದ ಮನೆ ಮುಂದೆ ಪಟಾಕಿ ಹಚ್ಚಿ ಜಾತಿ ನಿಂದನೆ ಮಾಡಿದರು ಅಂತ ಕುಟುಂಬ ದೂರು ಕೊಟ್ಟಿತು, ಪೊಲೀಸರು ಪ್ರಕರಣ ದಾಖಲಿಸಿದರು. ದೇಶಕ್ಕೆ ಆಡಿದವರ ಮನೆಗೇ ಇದು ಬಂದರೆ ಹೋಬಳಿ ಮಟ್ಟದಲ್ಲಿ ಆಡುವ ಎಂಟನೇ ಕ್ಲಾಸಿನ ಮಗುವಿನ ಪಾಡೇನು?

ಇಂಥ ಮಾತಿನ ಪರಿಣಾಮ ಅಂಕಪಟ್ಟಿಯಲ್ಲಿ ಕಾಣಲ್ಲ. ಮುಂದಿನ ವರ್ಷ ಆ ಹುಡುಗಿ ತಂಡಕ್ಕೆ ಹೆಸರು ಕೊಡಲ್ಲ, ಅಷ್ಟೇ. ‘ಸಾಕು ಬಿಡು, ಓದ್ಕೋ’ ಅಂತ ಮನೆಯವರು ಹೇಳಿಬಿಡ್ತಾರೆ. ಕೂಗಿದವನಿಗೆ ಆ ಸಂಜೆಯೇ ಮರೆತುಹೋಗಿರುತ್ತೆ.

ಕಾನೂನು ಇದನ್ನು ಹುಡುಗಾಟ ಅಂತ ನೋಡಲ್ಲ ಅನ್ನೋದೂ ಊರಿಗೆ ಗೊತ್ತಿರಬೇಕು. ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡಗಳ ದೌರ್ಜನ್ಯ ತಡೆ ಕಾಯ್ದೆ, 1989ರ ಪ್ರಕಾರ ಆ ಸಮುದಾಯಗಳವರನ್ನು ಬೇರೆಯವರು ಜನರ ಎದುರು ಜಾತಿ ಹೆಸರು ಹಿಡಿದು ನಿಂದಿಸೋದು ಅಪರಾಧ, ಆರು ತಿಂಗಳಿಂದ ಐದು ವರ್ಷದವರೆಗೆ ಜೈಲು. ಮೈದಾನ ಅಂದರೆ ಜನರ ಎದುರೇ. 18 ವರ್ಷದೊಳಗಿನ ಮಕ್ಕಳಿಗೆ ಲೈಂಗಿಕ ಉದ್ದೇಶದ ಮಾತು, ಸನ್ನೆ ಮಾಡಿದರೆ 2012ರ ಪೋಕ್ಸೊ ಕಾಯ್ದೆಯಡಿ ಮೂರು ವರ್ಷದವರೆಗೆ ಶಿಕ್ಷೆ ಇದೆ. ತಪ್ಪು ಮಾಡಿದವನೂ 18ರ ಒಳಗಿನವನಾದರೆ ವಿಷಯ ಬಾಲನ್ಯಾಯ ಮಂಡಳಿಗೆ ಹೋಗುತ್ತೆ, ತಿದ್ದುವ ದಾರಿ ಇರುತ್ತೆ. ಹಗ್ಗದಾಚೆ ನಿಂತು ಕೂಗುವ ಹಳೇ ವಿದ್ಯಾರ್ಥಿಗೆ, ಊರಿನ ಯುವಕನಿಗೆ ಆ ರಿಯಾಯಿತಿ ಇಲ್ಲ.

ಅಂಗಡಿಯವರ ಕೈಯಲ್ಲಿರೋದು

ಕ್ರೀಡಾಕೂಟದ ಟೀ ಶರ್ಟ್ ಅಂದರೆ ಊರಿನ ಅಂಗಡಿಗೂ ವ್ಯಾಪಾರ. ಜೆರ್ಸಿ ಕೊಡಿಸೋದು ಬಹಳ ಸಲ ದಾನಿಗಳು, ಅದರಲ್ಲೂ ಅಂಗಡಿಯವರೇ. ಎದೆ ಮೇಲೆ ಶಾಲೆ ಹೆಸರು, ತೋಳಿನ ಮೇಲೆ ಅಂಗಡಿ ಹೆಸರು. ಬೆನ್ನ ಮೇಲೆ ಏನು ಬರೆಸಿದ್ದಾರೆ ಅಂತ ದುಡ್ಡು ಕೊಟ್ಟವರು ನೋಡೋದು ಕಡಿಮೆ. ನಾಳೆ ಆ ಟೀ ಶರ್ಟ್ ಫೋಟೊ ವಾಟ್ಸ್ಆ್ಯಪ್‌ನಲ್ಲಿ ಓಡಾಡಿದರೆ ಬೈಗುಳದ ಜೊತೆ ಅಂಗಡಿ ಹೆಸರೂ ಓಡಾಡುತ್ತೆ.

‘ಹುಡುಗರು ಹೇಳಿದ್ದನ್ನ ಪ್ರಿಂಟ್ ಮಾಡಿಕೊಡೋದಷ್ಟೇ ನಮ್ಮ ಕೆಲಸ’ ಅನ್ನೋ ವಾದ ಇರುತ್ತೆ. ಒಪ್ಪಬೇಕಾದ್ದೇ, ಅಂಗಡಿಯವರು ಪೊಲೀಸರಲ್ಲ. ಅರಿಜೋನಾದ ಹುಡುಗಿಯರ ಅಕ್ಷರಗಳನ್ನು ಯಾವ ಪ್ರಿಂಟರ್ ಕೂಡ ಊಹಿಸೋಕೆ ಆಗುತ್ತಿರಲಿಲ್ಲ. ಆದರೆ ಒಹಾಯೊ ಜೆರ್ಸಿಯಂಥದ್ದನ್ನು ಒಂದು ಸಲ ಬಾಯಿಬಿಟ್ಟು ಓದಿದ್ದರೆ ಸಾಕಿತ್ತು. ಇಲ್ಲೂ ಡಿಸೈನ್ ಮೊಬೈಲಿಗೆ ಕಳಿಸಿ, ಓಕೆ ಅಂದ ಮೇಲೇ ಪ್ರಿಂಟ್ ಹಾಕೋದು. ಶಾಲೆ ಹೆಸರಿರುವ ಆರ್ಡರ್ ಬಂದರೆ ಅದೇ ಡಿಸೈನನ್ನು ಆ ಶಾಲೆಯ ದೈಹಿಕ ಶಿಕ್ಷಣ ಶಿಕ್ಷಕರಿಗೂ ಕಳಿಸಿ ಒಂದು ‘ಸರಿ’ ತರಿಸಿಕೊಂಡರೆ ಐದು ನಿಮಿಷದ ಕೆಲಸ. ವ್ಯಾಪಾರ ಹೋಗಲ್ಲ. ‘ಈ ಸಲ ಕಪ್ ನಮ್ದೇ’ ಅಂತ ಬರೆಸಿಕೊಳ್ಳೋಕೆ ಯಾರ ಅಡ್ಡಿಯೂ ಇಲ್ಲ.

ಪಂದ್ಯಕ್ಕೆ ಮೊದಲೇ ಆಗಬೇಕಾದ್ದು

ಕಬಡ್ಡಿಯಲ್ಲಿ ಗೆರೆ ಒಳಗಿನವರಿಗೆ ಹಸಿರು, ಹಳದಿ, ಕೆಂಪು ಕಾರ್ಡ್ ಇದೆ. ಹಗ್ಗದ ಆಚೆಗಿನವರಿಗೆ ಏನೂ ಇಲ್ಲ. ಅಂಪೈರ್ ಒಬ್ಬರೇ ಅಂಕವನ್ನೂ ಜನರನ್ನೂ ನೋಡಿಕೊಳ್ಳೋಕೆ ಆಗಲ್ಲ. ಆ ಹೊರೆಯನ್ನು ಶಾಲೆ, ಆಯೋಜಕರು, ಊರಿನ ಹಿರಿಯರು ಹಂಚಿಕೊಳ್ಳಬೇಕು. ಇದಕ್ಕೆ ದೊಡ್ಡ ಖರ್ಚೇನೂ ಬೇಡ.

ಪ್ರತಿ ಶಾಲೆಯ ಬೆಂಬಲಿಗರ ಜೊತೆ ಒಬ್ಬ ಶಿಕ್ಷಕರು ನಿಲ್ಲಲಿ, ಆಟಗಾರರ ಬೆಂಚಿನಲ್ಲಿ ಅಲ್ಲ, ಕೂಗುವ ಮಕ್ಕಳ ನಡುವೆ. ಪಂದ್ಯ ಶುರುವಾಗುವ ಮೊದಲು ಮೈಕ್‌ನಲ್ಲಿ ಎರಡೇ ಮಾತು ಹೇಳಲಿ: ಆಟದ ಬಗ್ಗೆ ಕೂಗಿ, ಆಟಗಾರರ ಜಾತಿ, ಮೈ, ಮನೆ ಬಗ್ಗೆ ಬೇಡ. ಮೊದಲ ಸಲ ತಪ್ಪಿದರೆ ಆಟ ನಿಲ್ಲಿಸಿ ಎಚ್ಚರಿಕೆ, ಎರಡನೇ ಸಲ ತಪ್ಪಿದವರು ಮೈದಾನದ ಹೊರಗೆ. ಹೆಣ್ಣುಮಕ್ಕಳ ಪಂದ್ಯಕ್ಕೆ ಹಗ್ಗವನ್ನು ಇನ್ನೂ ಹತ್ತು ಅಡಿ ಹಿಂದೆ ಕಟ್ಟಿ, ಮುಂದಿನ ಸಾಲಿನಲ್ಲಿ ವಿದ್ಯಾರ್ಥಿನಿಯರು, ತಾಯಂದಿರು ಕೂರುವಂತೆ ಮಾಡಿದರೆ ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತೆ. ಶಾಲೆಗೆ ಸಂಬಂಧ ಇಲ್ಲದ ದೊಡ್ಡ ಹುಡುಗರ ಗುಂಪಿಗೆ ಮಕ್ಕಳ ಸಾಲಿನಲ್ಲಿ ಜಾಗ ಬೇಡ. ಕೊರೊನಾಡೊದಲ್ಲಿ ಪೊಟ್ಟಣ ತಂದವನು ಅಂಥವನೇ ಅನ್ನೋದು ನೆನಪಿರಲಿ.

ಶಿಕ್ಷೆ ಕೊಡಬೇಕಾಗಿ ಬಂದರೂ ಕೂಗಿದವರಿಗೆ ಕೊಡಬೇಕು. ಇಡೀ ತಂಡವನ್ನು ಹೊರಗೆ ಹಾಕಿದರೆ ವರ್ಷವಿಡೀ ಬೆಳಿಗ್ಗೆ ಎದ್ದು ಅಭ್ಯಾಸ ಮಾಡಿದ ಮಕ್ಕಳಿಗೆ ಬೇರೆಯವರ ತಪ್ಪಿನ ಬಿಲ್ ಹರಿದ ಹಾಗೆ. ಕಪ್ ಕಿತ್ತುಕೊಳ್ಳುವ ಮಟ್ಟಕ್ಕೆ ಬಂತು ಅಂದರೆ ಅದಕ್ಕೂ ಮೊದಲು ಹತ್ತು ಜನ ದೊಡ್ಡವರು ಸುಮ್ಮನಿದ್ದರು ಅಂತಲೇ ಅರ್ಥ.

ಸ್ಯಾನ್ ಆಂಟೋನಿಯೊ ಮತ್ತು ಕೊರೊನಾಡೊ ನಡುವಿನ ವ್ಯತ್ಯಾಸ ಅಷ್ಟೇ. ಒಂದು ಕಡೆ ಮಕ್ಕಳು ಕೂಗಿದ ಕೂಡಲೇ ಕೋಚ್ ಕೈ ಎತ್ತಿ ನಿಲ್ಲಿಸಿದರು. ಇನ್ನೊಂದು ಕಡೆ ರೊಟ್ಟಿ ಪೊಟ್ಟಣ ಬಾಗಿಲು ದಾಟಿ ಒಳಗೆ ಬಂತು, ಯಾರೂ ಕೇಳಲಿಲ್ಲ. ಈ ಸಲದ ತಾಲ್ಲೂಕು ಕ್ರೀಡಾಕೂಟದಲ್ಲಿ ಅಂಥ ಕೈ ಎತ್ತುವವರು ಯಾರು ಅಂತ ಪ್ರತಿ ಶಾಲೆಯೂ ತಂಡದ ಪಟ್ಟಿ ಕೊಡುವ ದಿನವೇ ಒಂದು ಹೆಸರು ಬರೆದುಕೊಟ್ಟರೆ ಒಳ್ಳೆಯದು.